ಬೆಟ್ಟದ ಹಾದಿಗೆ ಸೈಕಲ್ ಪ್ರವಾಸ: ಯೋಜನೆ ಹೇಗೆ?

ದೂರದ ಸೈಕಲ್ ಪ್ರವಾಸಕ್ಕೆ ಹೊರಡುವವರು ಮೊದಲು ಕೇಳುವುದು, ‘ಎಷ್ಟು ಕಿಲೋಮೀಟರ್?’ ಎಂದು. ಬಸ್ಸಿನಲ್ಲಿ ಹೋಗುವವರಿಗೆ ಈ ಪ್ರಶ್ನೆ ಸಾಕು. ಸೈಕಲ್ ಸವಾರರು ಇನ್ನೂ ಎರಡನ್ನು ಕೇಳಬೇಕು: ಏರು ಎಷ್ಟು? ಆ ಏರು ಬರುವಾಗ ಹೊತ್ತೆಷ್ಟು?

ಮೈಸೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಹಾದಿಯನ್ನೇ ನೋಡೋಣ. ತಿರುಮಕೂಡಲು ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಸುಮಾರು 60 ಕಿ.ಮೀ. ಬಹುಪಾಲು ಬಯಲು ರಸ್ತೆ. ಅಲ್ಲಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಹಾಗಾದರೆ ಎರಡೇ ದಿನ ಸಾಕಲ್ಲವೇ ಎನಿಸುತ್ತದೆ. ಆದರೆ ತಾಳಬೆಟ್ಟದಿಂದಾಚೆಯ ಸುಮಾರು 18 ಕಿ.ಮೀ. ತಿರುವುಗಳ ಘಟ್ಟದ ರಸ್ತೆ. ಸುತ್ತಲೂ 2013ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾದ, ಆನೆಗಳಿರುವ ಕಾಡು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಸವಾರ, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. ಈ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 83,000 ಜೂಲ್ ಶಕ್ತಿ ಬೇಕು. ಪೆಡಲಿನ ಮೇಲೆ ಒಂದೇ ಸಮನೆ 100 ವಾಟ್ ಸಾಮರ್ಥ್ಯ ತೋರುವವರಿಗೆ ಏರಿಗಾಗಿಯೇ 14 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಬಯಲಿನಲ್ಲಿ ಮೂರೂವರೆ ಕಿ.ಮೀ. ಸಾಗಬಹುದಿತ್ತು. ಆದ್ದರಿಂದ ಪ್ರತಿ 100 ಮೀ. ಏರಿಗೆ ಕಾಲು ಗಂಟೆ ಹೆಚ್ಚು ಸೇರಿಸಿಕೊಳ್ಳಿ. ಹೊರೆ ಹೆಚ್ಚಿದಷ್ಟೂ ಈ ಸಮಯ ಹೆಚ್ಚುತ್ತದೆ.

ಏರನ್ನು ಮನೆಯಲ್ಲೇ ಅಳೆಯಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂ.ಮೀ. ಎಂದರೆ ಅರ್ಧ ಕಿ.ಮೀ. ರಸ್ತೆಯ ಗುಂಟ ದಾರವಿಟ್ಟು ದೂರ ಅಳೆಯಿರಿ. ರಸ್ತೆ ದಾಟುವ ಸಮೋನ್ನತಿ ರೇಖೆಗಳನ್ನು ಎಣಿಸಿರಿ. ರೇಖೆಗಳ ನಡುವಿನ ಎತ್ತರ 20 ಮೀ. ಇದ್ದರೆ, ಐದು ರೇಖೆ ಏರಿದಾಗ 100 ಮೀ. ಮೊಬೈಲಿನಲ್ಲೂ ನಕ್ಷೆ ಸಿಗುತ್ತದೆ, ನಿಜ. ಆದರೆ ಕಾಡಿನಲ್ಲಿ ಸಿಗ್ನಲ್ಲನ್ನೇ ನಂಬುವಂತಿಲ್ಲ. ಕಾಗದದ ಪ್ರತಿಯೂ ಜೊತೆಗಿರಲಿ.

ಈಗ ಎರಡು ಯೋಜನೆಗಳನ್ನು ಹೋಲಿಸೋಣ. ಕೊಳ್ಳೇಗಾಲದಿಂದ ಬೆಳಿಗ್ಗೆ 7ಕ್ಕೆ ಹೊರಟರೆ, ಗಂಟೆಗೆ 12 ಕಿ.ಮೀ.ನಂತೆ 62 ಕಿ.ಮೀ. ದಾಟಿ ತಾಳಬೆಟ್ಟ ತಲುಪುವಾಗ, ವಿಶ್ರಾಂತಿಯೂ ಸೇರಿ, ಒಂದು ಗಂಟೆ. ಉರಿಬಿಸಿಲಲ್ಲಿ ಘಟ್ಟ, ಎರಡು ಪಂಕ್ಚರ್ ಆದರೆ ಕಾಡಿನಲ್ಲೇ ಕತ್ತಲು. ಅದರ ಬದಲು ಕೊಳ್ಳೇಗಾಲದಿಂದ 25 ಕಿ.ಮೀ. ದೂರದ ಹನೂರಿನಲ್ಲಿ ಎರಡನೆಯ ರಾತ್ರಿ ತಂಗಿ, ಮೂರನೆಯ ದಿನ ಬೆಳಿಗ್ಗೆ 6ಕ್ಕೆ ಹೊರಡಿ. 37 ಕಿ.ಮೀ. ಕ್ರಮಿಸಿ ಒಂಬತ್ತೂವರೆಗೆ ತಾಳಬೆಟ್ಟದಲ್ಲಿರುತ್ತೀರಿ. ಘಟ್ಟದಲ್ಲಿ ಗಂಟೆಗೆ 6 ಕಿ.ಮೀ. ಸಾಗಿದರೂ ಹನ್ನೆರಡೂವರೆಗೆ ಬೆಟ್ಟ ಸೇರಿ, ದಾಸೋಹದಲ್ಲಿ ಊಟ ಮಾಡಬಹುದು. ಒಂದು ದಿನ ಹೆಚ್ಚಾಯಿತು, ಆದರೆ ಕೈಯಲ್ಲಿ ಐದು ಗಂಟೆ ಹಗಲು ಉಳಿಯಿತು. ಆ ಐದು ಗಂಟೆಯೇ ನಿಮ್ಮ ರಕ್ಷಣೆ.

ದಿನ ಗೊತ್ತುಮಾಡುವ ಮುನ್ನ ಪಂಚಾಂಗ ನೋಡುವುದೂ ಒಳ್ಳೆಯದು. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಈ ರಸ್ತೆಯಲ್ಲಿ ವಾಹನಗಳ, ಕಾಲ್ನಡಿಗೆಯ ಭಕ್ತರ ದಟ್ಟಣೆ ಇರುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ. ಡಿಸೆಂಬರ್, ಜನವರಿ ಅನುಕೂಲ. ಘಟ್ಟಕ್ಕೆ ಮುಂಚೆ ನೀರು ತುಂಬಿಸಿಕೊಳ್ಳಿ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಅಂದಿನ ಸೂಚನೆ ಕೇಳಿ.

ಹಿಂತಿರುಗುವಾಗಲೂ ಎಚ್ಚರ ಬೇಕು. ಏರುವಾಗ ಕೂಡಿಟ್ಟ ಶಕ್ತಿಯ ಬಹುಪಾಲು ಇಳಿಯುವಾಗ ಬ್ರೇಕಿನಲ್ಲಿ ಶಾಖವಾಗುತ್ತದೆ. ಬ್ರೇಕನ್ನು ಒಂದೇ ಸಮನೆ ಹಿಡಿದಿಡದೆ ಬಿಟ್ಟು ಬಿಟ್ಟು ಹಿಡಿಯಿರಿ, ನಡುವೆ ನಿಂತು ಚಕ್ರ ಆರಲು ಬಿಡಿ. ರಬ್ಬರು ಸವೆದಿದ್ದರೆ ಹೊರಡುವ ಮುನ್ನವೇ ಬದಲಾಯಿಸಿ.