ಬಡ್ಸ್ ತರಬೇತಿಗೆ ಪೂರ್ವಸಿದ್ಧತೆ

ಬಡ್ಸ್ ತರಬೇತಿಗೆ ಪೂರ್ವಸಿದ್ಧತೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ನೌಕಾಪಡೆಯ ವಿಶೇಷ ಪಡೆಯಾದ ಸೀಲ್ ತಂಡಗಳನ್ನು ಸೇರಬಯಸುವ ಅಭ್ಯರ್ಥಿಗಳು ಆಯ್ಕೆ ತರಬೇತಿಗೆ ಮೊದಲು ಕೈಗೊಳ್ಳುವ ದೈಹಿಕ ಮತ್ತು ಮಾನಸಿಕ ಅಭ್ಯಾಸಕ್ರಮ. 'ಬೇಸಿಕ್ ಅಂಡರ್‌ವಾಟರ್ ಡೆಮೊಲಿಷನ್/ಸೀಲ್' ಎಂಬ ಹೆಸರಿನ ಸಂಕ್ಷಿಪ್ತ ರೂಪವೇ ಬಡ್ಸ್. ಈ ತರಬೇತಿಯು ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯಾಗೋ ನಗರದ ಸಮೀಪವಿರುವ ಕೊರೊನಾಡೊದಲ್ಲಿ ನಡೆಯುತ್ತದೆ. ತರಬೇತಿಗೆ ಸೇರಿದವರಲ್ಲಿ ಸಾಮಾನ್ಯವಾಗಿ ಶೇ. 70ರಿಂದ 80ರಷ್ಟು ಮಂದಿ ಅದನ್ನು ಪೂರ್ಣಗೊಳಿಸುವುದಿಲ್ಲ. ಹೀಗೆ ಹೊರಬೀಳುವವರಲ್ಲಿ ಹೆಚ್ಚಿನವರು ಯಾರೂ ಹೊರಹಾಕದಿದ್ದರೂ ತಾವಾಗಿಯೇ ಬಿಟ್ಟುಹೋಗುವವರು. ಆದ್ದರಿಂದ ಪೂರ್ವಸಿದ್ಧತೆಯಲ್ಲಿ ದೇಹಬಲದಷ್ಟೇ ಮನೋಬಲಕ್ಕೂ ಮಹತ್ವವಿದೆ. ಸಹಿಸಬೇಕಾದ ಕಷ್ಟ ಯಾವುದು, ತಕ್ಷಣ ವೈದ್ಯರಿಗೆ ತಿಳಿಸಬೇಕಾದ ಅಪಾಯ ಯಾವುದು ಎಂಬುದನ್ನು ಗುರುತಿಸಲು ಕಲಿಯುವುದೂ ಈ ಸಿದ್ಧತೆಯ ಅವಿಭಾಜ್ಯ ಅಂಗ.

ಹಿನ್ನೆಲೆ

ಈ ಆಯ್ಕೆ ಪದ್ಧತಿಯ ಮೂಲ ಎರಡನೆಯ ಮಹಾಯುದ್ಧದ ಕಾಲದ್ದು. ಶತ್ರುವಿನ ಕಡಲತೀರದಲ್ಲಿ ನೀರಿನೊಳಗೆ ನೆಟ್ಟ ಅಡೆತಡೆಗಳನ್ನು ಸ್ಫೋಟಿಸಿ ದಾರಿ ಮಾಡುವ ದಳಗಳಿಗಾಗಿ ಅಧಿಕಾರಿ ಡ್ರೇಪರ್ ಕೌಫ್‌ಮನ್ 1943ರಲ್ಲಿ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ನಲ್ಲಿ ತರಬೇತಿ ಆರಂಭಿಸಿದನು. ತಡೆದುಕೊಳ್ಳಲಾರದವರು ಯಾರೆಂಬುದು ಆರಂಭದಲ್ಲಿಯೇ ತಿಳಿಯಲೆಂದು ಒಂದು ವಾರದ ಅತಿಶ್ರಮದ ಅವಧಿಯನ್ನು ತರಬೇತಿಯ ಮೊದಲಿಗೇ ಇರಿಸಲಾಯಿತು. ಇದೇ ಮುಂದೆ 'ಹೆಲ್ ವೀಕ್' (ನರಕದ ವಾರ) ಎಂದು ಹೆಸರಾಯಿತು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದಲ್ಲಿ ಇಳಿದ ಇಂತಹ ದಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು ಇಲ್ಲವೆ ಗಾಯಗೊಂಡರು. 1962ರ ಜನವರಿಯಲ್ಲಿ ಸೀಲ್ ತಂಡಗಳು ಸ್ಥಾಪನೆಯಾದ ಬಳಿಕವೂ ಆ ವಾರವು ಆಯ್ಕೆಯ ಮುಖ್ಯ ಜರಡಿಯಾಗಿಯೇ ಉಳಿಯಿತು.

ತರಬೇತಿಯ ಸ್ವರೂಪ

ಬಡ್ಸ್ ಸುಮಾರು 24 ವಾರಗಳ ತರಬೇತಿ. ಪರಿಚಯದ ಅವಧಿ ಮುಗಿದ ಬಳಿಕ ತಲಾ ಏಳು ವಾರಗಳ ಮೂರು ಹಂತಗಳಿರುತ್ತವೆ. ಮೊದಲನೆಯದು ದೇಹ ಹದಗೊಳಿಸುವ ಹಂತ, ಎರಡನೆಯದು ಯುದ್ಧ ಮುಳುಗುಗಾರಿಕೆ, ಮೂರನೆಯದು ನೆಲದ ಮೇಲಿನ ಯುದ್ಧಕಲೆ. ಇವುಗಳನ್ನು ದಾಟಿದವರು ಮುಂದಿನ ಅರ್ಹತಾ ತರಬೇತಿಯನ್ನೂ ಮುಗಿಸಿದ ಮೇಲಷ್ಟೇ ಸೀಲ್ ಯೋಧರ ತ್ರಿಶೂಲ ಲಾಂಛನವನ್ನು ಪಡೆಯುತ್ತಾರೆ.

ಮೊದಲ ಹಂತದಲ್ಲಿ ಬರುವ ನರಕದ ವಾರವು ಐದೂವರೆ ದಿನಗಳದ್ದು. ಈ ಇಡೀ ಅವಧಿಯಲ್ಲಿ ಅಭ್ಯರ್ಥಿಗಳಿಗೆ ದೊರೆಯುವ ನಿದ್ರೆ ಒಟ್ಟು ನಾಲ್ಕು ಗಂಟೆಗಳಿಗಿಂತಲೂ ಕಡಿಮೆ. ಆರೇಳು ಮಂದಿಯ ಗುಂಪುಗಳು ರಬ್ಬರ್ ದೋಣಿಯನ್ನು ತಲೆಯ ಮೇಲೆ ಹೊತ್ತು ಓಡುತ್ತವೆ, ಮರದ ದಿಮ್ಮಿಗಳನ್ನು ಎತ್ತಿ ಇಳಿಸುತ್ತವೆ, ಅಲೆಗಳಲ್ಲಿ ತೋಳಿಗೆ ತೋಳು ಕೂಡಿಸಿ ಮಲಗುತ್ತವೆ. ಕೊರೊನಾಡೊದ ಸಮುದ್ರದ ನೀರು ಚಳಿಗಾಲದಲ್ಲಿ ಸುಮಾರು 14–15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಬಿಡಲು ಬಯಸುವವನು ಅಂಗಳದಲ್ಲಿರುವ ಹಿತ್ತಾಳೆಯ ಗಂಟೆಯನ್ನು ಮೂರು ಬಾರಿ ಬಾರಿಸಿ ತನ್ನ ಶಿರಸ್ತ್ರಾಣವನ್ನು ಅಲ್ಲಿಟ್ಟು ಹೋಗುವುದು ಇಲ್ಲಿನ ಪ್ರಸಿದ್ಧ ಪದ್ಧತಿ.

ಪ್ರವೇಶ ಪರೀಕ್ಷೆ

ಅಭ್ಯರ್ಥಿಯು ಅಮೆರಿಕದ ಪೌರನಾಗಿರಬೇಕು ಹಾಗೂ ನಿಗದಿತ ವಯೋಮಿತಿ, ದೃಷ್ಟಿ ಮತ್ತು ಆರೋಗ್ಯದ ಮಾನದಂಡಗಳನ್ನು ಪೂರೈಸಬೇಕು. 2016ರಲ್ಲಿ ಈ ಆಯ್ಕೆಯನ್ನು ಮಹಿಳೆಯರಿಗೂ ತೆರೆಯಲಾಯಿತು. ಪ್ರವೇಶಕ್ಕೆ ಬಹುಕಾಲ ಬಳಕೆಯಲ್ಲಿದ್ದ ದೈಹಿಕ ಪರೀಕ್ಷೆಯ ಕನಿಷ್ಠ ಮಟ್ಟ ಹೀಗಿತ್ತು:

- 500 ಗಜ (ಸುಮಾರು 457 ಮೀಟರ್) ಈಜು: 12 ನಿಮಿಷ 30 ಸೆಕೆಂಡು
- ಪುಷ್ ಅಪ್ (ದಂಡ): 2 ನಿಮಿಷಗಳಲ್ಲಿ 50
- ಸಿಟ್ ಅಪ್: 2 ನಿಮಿಷಗಳಲ್ಲಿ 50
- ಪುಲ್ ಅಪ್: 10
- ಒಂದೂವರೆ ಮೈಲಿ (ಸುಮಾರು 2.4 ಕಿ.ಮೀ.) ಓಟ: 10 ನಿಮಿಷ 30 ಸೆಕೆಂಡು

ಇವನ್ನು ಅಲ್ಪ ವಿಶ್ರಾಂತಿಯೊಂದಿಗೆ ಒಂದರ ಹಿಂದೊಂದರಂತೆ ಮಾಡಬೇಕು. ಈಜಿನ ನಂತರ ಮತ್ತು ಓಟದ ಮುನ್ನ 10 ನಿಮಿಷಗಳ ಬಿಡುವಿದ್ದರೆ ನಡುವಿನ ವ್ಯಾಯಾಮಗಳಿಗೆ 2 ನಿಮಿಷಗಳಷ್ಟೇ. ಹೀಗಾಗಿ ಪ್ರತಿಯೊಂದನ್ನು ಬಿಡಿಯಾಗಿ ಸಾಧಿಸಿದವನೂ ಒಟ್ಟಾಗಿ ಮಾಡುವಾಗ ಸೋಲಬಹುದು. ಕನಿಷ್ಠ ಮಟ್ಟವು ಬಾಗಿಲು ತೆರೆಯುವುದಕ್ಕೆ ಮಾತ್ರ. ಒಳಗೆ ಉಳಿಯಲು ಅದಕ್ಕಿಂತ ಗಣನೀಯವಾಗಿ ಮೇಲಿನ ಮಟ್ಟ ಬೇಕೆಂದು ನೌಕಾಪಡೆಯ ಮಾರ್ಗದರ್ಶನವೇ ಹೇಳುತ್ತದೆ. ತರಬೇತಿಯ ಮೊದಲ ಹಂತದಲ್ಲಿ ಬೂಟು ತೊಟ್ಟು ನಾಲ್ಕು ಮೈಲಿ (ಸುಮಾರು 6.4 ಕಿ.ಮೀ.) ಮರಳಿನ ಮೇಲೆ 32 ನಿಮಿಷಗಳಲ್ಲಿ ಓಡಬೇಕಾಗುತ್ತದೆ ಎಂಬುದರಿಂದ ಈ ಅಂತರವನ್ನು ಊಹಿಸಬಹುದು.

ದೈಹಿಕ ಸಿದ್ಧತೆ

ನೌಕಾಪಡೆಯ ವಿಶೇಷ ಯುದ್ಧ ವಿಭಾಗವು ಅಭ್ಯರ್ಥಿಗಳಿಗಾಗಿ 26 ವಾರಗಳ ವ್ಯಾಯಾಮ ಮಾರ್ಗದರ್ಶಿಯನ್ನು ಪ್ರಕಟಿಸಿದೆ. ನಿಧಾನವಾಗಿ ಏರಿಸುವುದು ಇದರ ಮೂಲತತ್ತ್ವ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಒಗ್ಗಿತೆಂದು ಓಟದ ದೂರವನ್ನು ಒಮ್ಮೆಲೇ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಉಂಟಾಗಬಹುದು. ಈ ಕಾರಣದಿಂದ ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಸುಮಾರು ಶೇ. 10ಕ್ಕಿಂತ ಹೆಚ್ಚಿಸಬಾರದು ಎಂಬ ನಿಯಮವನ್ನು ಸಾಮಾನ್ಯವಾಗಿ ಪಾಲಿಸಲಾಗುತ್ತದೆ.

ಓಟ: ವಾರದಲ್ಲಿ ಮೂರು ಬಗೆಯ ಓಟಗಳಿರುತ್ತವೆ. ಮಾತನಾಡುತ್ತ ಓಡಬಹುದಾದ ವೇಗದ ದೀರ್ಘ ಓಟವು ತಳಹದಿಯನ್ನು ಒದಗಿಸುತ್ತದೆ. ಸುಮಾರು 15ರಿಂದ 20 ನಿಮಿಷಗಳ ನಿರಂತರ ವೇಗದ ಓಟವು ದಣಿವಿನಲ್ಲಿಯೂ ಗತಿ ಕಾಯ್ದುಕೊಳ್ಳುವುದನ್ನು ಕಲಿಸುತ್ತದೆ. ಕಾಲು ಮೈಲಿಯ (ಸುಮಾರು 400 ಮೀಟರ್) ತುಣುಕು ಓಟಗಳಲ್ಲಿ, ಓಡಿದ ಸಮಯದ ಎರಡು ಪಟ್ಟಿಗೂ ಮಿಕ್ಕಿದ ವಿಶ್ರಾಂತಿ ಕೊಟ್ಟು, ನಾಲ್ಕು ಸುತ್ತುಗಳಿಂದ ಆರಂಭಿಸಿ ಕ್ರಮೇಣ ಹತ್ತಕ್ಕೆ ಏರಿಸಲಾಗುತ್ತದೆ.

ಈಜು: ಬಡ್ಸ್ ತರಬೇತಿಯಲ್ಲಿ ನೀರು ಹಲವರ ಧೈರ್ಯ ಕುಂದಿಸುವ ಸ್ಥಳ. ಪಕ್ಕಕ್ಕೆ ಮಲಗಿದಂತೆ ಈಜುವ ಸೈಡ್‌ಸ್ಟ್ರೋಕ್ ಶೈಲಿಯನ್ನು ಅಭ್ಯರ್ಥಿಗಳು ಕರಗತ ಮಾಡಿಕೊಳ್ಳಬೇಕು. ಇದರಲ್ಲಿ ಶ್ರಮ ಕಡಿಮೆ, ನೀರಿನ ಮೇಲೆ ದೇಹ ಕಾಣುವುದೂ ಕಡಿಮೆ. ಫಿನ್ ಕಟ್ಟಿಕೊಂಡು ಎರಡು ಮೈಲಿ ಸಮುದ್ರದಲ್ಲಿ ಈಜುವುದು, 50 ಮೀಟರ್ ನೀರಿನೊಳಗೇ ಸಾಗುವುದು, ಕೈಕಾಲು ಕಟ್ಟಿಸಿಕೊಂಡು ಆಳದ ಕೊಳದಲ್ಲಿ ಮುಳುಗೇಳುವುದು ಮುಂದೆ ಎದುರಾಗುವ ಪರೀಕ್ಷೆಗಳು. ಕೊನೆಯದರಲ್ಲಿ ಗೆಲ್ಲುವವನು ತೋಳ್ಬಲ ಹೆಚ್ಚಿರುವವನಲ್ಲ, ನೀರಿನಲ್ಲಿ ದೇಹವನ್ನು ಸಡಿಲ ಬಿಡಬಲ್ಲವನು. ಸೆಟೆದುಕೊಂಡವನು ಆಮ್ಲಜನಕವನ್ನು ಬೇಗನೆ ಕಳೆದುಕೊಳ್ಳುತ್ತಾನೆ.

ಬಲ: ದೋಣಿ, ದಿಮ್ಮಿಗಳನ್ನು ಹೊರಲು ಕುತ್ತಿಗೆ, ಭುಜ, ಸೊಂಟ ಮತ್ತು ಕಾಲುಗಳಲ್ಲಿ ದೀರ್ಘಕಾಲ ಬಾಳುವ ಬಲ ಬೇಕು. ದಪ್ಪ ಸ್ನಾಯುಗಳನ್ನು ಬೆಳೆಸಿದ ದೇಹವು ಓಟದಲ್ಲಿ ತನ್ನ ತೂಕವನ್ನೇ ಹೊರೆಯಾಗಿ ಹೊರಬೇಕಾಗುತ್ತದೆ. ಆದ್ದರಿಂದ ಸ್ವಂತ ದೇಹದ ತೂಕವನ್ನೇ ಬಳಸುವ ವ್ಯಾಯಾಮಗಳು, ಮಿತವಾದ ಭಾರ ಎತ್ತುವಿಕೆ ಮತ್ತು ಹೊಟ್ಟೆ-ಬೆನ್ನುಗಳ ವ್ಯಾಯಾಮಗಳಿಗೆ ಒತ್ತು ನೀಡಲಾಗುತ್ತದೆ.

ವಿಶ್ರಾಂತಿ: ನಿದ್ರೆಗೆಡುವುದನ್ನು ಮೊದಲೇ ಅಭ್ಯಾಸ ಮಾಡಿಕೊಂಡು ಅದರಿಂದ ಲಾಭ ಪಡೆಯಲಾಗದು. ನರಕದ ವಾರವನ್ನು ಮನೆಯಲ್ಲಿ ಅನುಕರಿಸಲು ಹೊರಟವನು ಗಾಯಗಳೊಂದಿಗೆ ಕೊರೊನಾಡೊ ತಲುಪುತ್ತಾನೆ. ತುಂಬು ನಿದ್ರೆ, ಸಾಕಷ್ಟು ಆಹಾರ ಮತ್ತು ವಾರಕ್ಕೊಂದು ಬಿಡುವಿನ ದಿನ ಸಿದ್ಧತೆಯ ಭಾಗವೇ ಆಗಿವೆ.

ಮಾನಸಿಕ ಸಿದ್ಧತೆ

ಸೀಲ್ ತರಬೇತಿಯಲ್ಲಿ ನಾಲ್ಕು ಮನೋಕೌಶಲಗಳನ್ನು ಕಲಿಸಲಾಗುತ್ತದೆ. ಇವು ಕ್ರೀಡಾ ಮನೋವಿಜ್ಞಾನದಿಂದ ಬಂದವು.

ಗುರಿಯನ್ನು ಕಿರಿದಾಗಿಸುವುದು: ಐದೂವರೆ ದಿನಗಳನ್ನು ಒಟ್ಟಾಗಿ ನೆನೆದವನ ಮನಸ್ಸು ಕುಸಿಯುತ್ತದೆ. ನರಕದ ವಾರದಲ್ಲಿ ಸುಮಾರು ಆರು ಗಂಟೆಗಳಿಗೊಮ್ಮೆ ಊಟ ದೊರೆಯುತ್ತದೆ. ಮುಂದಿನ ಊಟದವರೆಗೆ ಮಾತ್ರ ಉಳಿಯುತ್ತೇನೆ ಎಂದುಕೊಳ್ಳುವುದು, ಅದೂ ಹೆಚ್ಚೆನಿಸಿದರೆ ಈ ಒಂದು ಓಟದ ಕೊನೆಯವರೆಗೆ ಎಂದುಕೊಳ್ಳುವುದು ಇಲ್ಲಿನ ಉಪಾಯ. ಅನೇಕರು ಗಂಟೆ ಬಾರಿಸುವುದು ಅತಿ ಕಷ್ಟದ ಕ್ಷಣದಲ್ಲಲ್ಲ, ಮುಂದಿನ ಕಷ್ಟಕ್ಕಾಗಿ ಕಾಯುತ್ತಿರುವಾಗ.

ಮನಸ್ಸಿನಲ್ಲೇ ಅಭ್ಯಾಸ: ಮಾಡಬೇಕಾದ ಕಾರ್ಯವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ಮುಚ್ಚಿ ವಿವರವಾಗಿ ಕಲ್ಪಿಸಿಕೊಳ್ಳುವುದು. ಯಶಸ್ಸನ್ನಷ್ಟೇ ಕಂಡರೆ ಸಾಲದು. ನೀರಿನೊಳಗೆ ಉಸಿರಿನ ಕೊಳವೆ ಕಳಚಿದಾಗ ಕೈ ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನೂ ಕಲ್ಪನೆಯಲ್ಲಿಯೇ ಸರಿಪಡಿಸಿಕೊಂಡಿರಬೇಕು.

ಒಳಮಾತು: ದಣಿದ ಮನಸ್ಸು ತನ್ನೊಡನೆ ತಾನೇ ವಾದಕ್ಕಿಳಿಯುತ್ತದೆ. 'ಇನ್ನು ಆಗದು' ಎಂಬ ಮಾತಿನ ಜಾಗದಲ್ಲಿ ಮುಂದಿನ ಹೆಜ್ಜೆಯನ್ನು ಸೂಚಿಸುವ ಚಿಕ್ಕ, ಸ್ಪಷ್ಟ ಮಾತುಗಳನ್ನು ಇಡುವುದನ್ನು ಅಭ್ಯರ್ಥಿಗಳು ರೂಢಿಸಿಕೊಳ್ಳುತ್ತಾರೆ.

ಉದ್ವೇಗದ ನಿಯಂತ್ರಣ: ನಾಲ್ಕು ಸೆಕೆಂಡು ಉಸಿರೆಳೆದು, ನಾಲ್ಕು ಸೆಕೆಂಡು ತಡೆದು, ನಾಲ್ಕು ಸೆಕೆಂಡು ಬಿಟ್ಟು, ಮತ್ತೆ ನಾಲ್ಕು ಸೆಕೆಂಡು ತಡೆಯುವ ಕ್ರಮವು ಬಹಳ ಪ್ರಚಾರದಲ್ಲಿದೆ. ನಿಧಾನವಾದ ಉಸಿರಾಟದಿಂದ ಹೃದಯಬಡಿತ ಇಳಿದು ಯೋಚನೆ ತಿಳಿಯಾಗುತ್ತದೆ. ಭಾರತೀಯ ಓದುಗರಿಗೆ ಪ್ರಾಣಾಯಾಮದ ಪೂರಕ, ಕುಂಭಕ, ರೇಚಕಗಳ ಮೂಲಕ ಪರಿಚಿತವಾಗಿರುವ ಕ್ರಮವನ್ನೇ ಇದು ಹೋಲುತ್ತದೆ. ಇದನ್ನು ನೆಲದ ಮೇಲೆ ಕುಳಿತು ಮಾಡಬೇಕು, ನೀರಿನಲ್ಲಿ ಅಲ್ಲ.

ಇವೆಲ್ಲವುಗಳ ಜೊತೆಗೆ ಪರರ ಕಡೆಗೆ ಗಮನ ಹರಿಸುವುದೂ ಒಂದು ಸಾಧನ. ದೋಣಿಯ ಕೆಳಗೆ ಒಬ್ಬನು ತಲೆ ತಗ್ಗಿಸಿದರೆ ಭಾರ ಉಳಿದವರ ಮೇಲೆ ಬೀಳುತ್ತದೆ. ತನ್ನ ನೋವನ್ನಷ್ಟೇ ಎಣಿಸುವವನಿಗಿಂತ ಪಕ್ಕದವನನ್ನು ವಿಚಾರಿಸುವವನು ಹೆಚ್ಚು ಕಾಲ ಉಳಿಯುತ್ತಾನೆ ಎಂಬುದು ತರಬೇತುದಾರರ ಸಾಮಾನ್ಯ ಅಭಿಪ್ರಾಯ.

ಅಪಾಯಗಳು

ನೀರಿನೊಳಗೆ ಉಸಿರು ಹಿಡಿಯುವ ಅಭ್ಯಾಸವನ್ನು ಯಾರೂ ಒಂಟಿಯಾಗಿ ಮಾಡಬಾರದು. ಜೋರಾಗಿ, ಪದೇ ಪದೇ ಉಸಿರಾಡಿ ಮುಳುಗಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮಟ್ಟ ಇಳಿದಿರುತ್ತದೆ. ಉಸಿರಾಡಬೇಕೆಂಬ ತುಡಿತವನ್ನು ಎಬ್ಬಿಸುವುದು ಮುಖ್ಯವಾಗಿ ಆ ಅನಿಲವೇ ಆದ್ದರಿಂದ ತುಡಿತ ಹುಟ್ಟುವ ಮೊದಲೇ ಆಮ್ಲಜನಕ ತೀರಿ ಪ್ರಜ್ಞೆ ತಪ್ಪುತ್ತದೆ. ಯಾವ ಮುನ್ಸೂಚನೆಯೂ ಇರುವುದಿಲ್ಲ. 2015ರಲ್ಲಿ ವರ್ಜೀನಿಯಾ ರಾಜ್ಯದ ಸೇನಾ ನೆಲೆಯೊಂದರ ಈಜುಕೊಳದಲ್ಲಿ ಇಬ್ಬರು ಸೀಲ್ ಯೋಧರು ಮುಳುಗಿ ಮೃತರಾದ ಘಟನೆಯು ತರಬೇತಿ ಪಡೆದವರೂ ಈ ಅಪಾಯಕ್ಕೆ ಹೊರತಲ್ಲ ಎಂಬುದನ್ನು ತೋರಿಸಿತು.

ಅತಿಶ್ರಮದಿಂದ ಸ್ನಾಯುಗಳು ಒಡೆದು ಅದರ ಅಂಶ ಮೂತ್ರಪಿಂಡಗಳಿಗೆ ಹಾನಿ ಮಾಡುವ ರಾಬ್ಡೊಮಯೊಲಿಸಿಸ್ ಇನ್ನೊಂದು ಅಪಾಯ. ಚಹಾ ಕಷಾಯದಂತೆ ಕಪ್ಪಾದ ಮೂತ್ರ ಇದರ ಗುರುತು. ತಣ್ಣೀರಿನಲ್ಲಿ ತೀವ್ರವಾಗಿ ಈಜುವಾಗ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳಬಹುದು. ಆಗ ಏದುಸಿರು, ಕೆಮ್ಮು, ಕಫದಲ್ಲಿ ರಕ್ತದ ಛಾಯೆ ಕಾಣಿಸಿಕೊಳ್ಳುತ್ತವೆ. ದೇಹದ ಉಷ್ಣತೆ ಕುಸಿದಾಗ ಮಾತು ತೊದಲುತ್ತದೆ, ಯೋಚನೆ ಮಂಕಾಗುತ್ತದೆ. ಸ್ನಾಯುನೋವು, ಚಳಿಯ ನಡುಕ, ಹಸಿವು, ನಿದ್ರೆಯ ತೂಕಡಿಕೆ ಇವು ಸಹಿಸಬೇಕಾದವು. ಮೇಲಿನ ಲಕ್ಷಣಗಳು ಸಹನೆಯ ವಿಷಯವಲ್ಲ.

ಟೀಕೆ ಮತ್ತು ಸುಧಾರಣೆ

2022ರ ಫೆಬ್ರವರಿ 4ರಂದು ನರಕದ ವಾರವನ್ನು ಯಶಸ್ವಿಯಾಗಿ ಮುಗಿಸಿದ ಅಭ್ಯರ್ಥಿಯೊಬ್ಬರು ಕೆಲವೇ ಗಂಟೆಗಳಲ್ಲಿ ನ್ಯುಮೋನಿಯಾದಿಂದ ಮೃತಪಟ್ಟರು. 2023ರಲ್ಲಿ ಪ್ರಕಟವಾದ ನೌಕಾಪಡೆಯ ತನಿಖಾ ವರದಿಯು ವೈದ್ಯಕೀಯ ನಿಗಾ ಮತ್ತು ಮೇಲ್ವಿಚಾರಣೆಯಲ್ಲಿ ಹಲವು ಹಂತಗಳ ಲೋಪಗಳನ್ನು ಗುರುತಿಸಿತು. ವೈದ್ಯರ ಬಳಿ ಹೋದರೆ ತರಬೇತಿಯಿಂದ ಹೊರಬೀಳುತ್ತೇವೆ ಎಂಬ ಭಯದಿಂದ ಅಭ್ಯರ್ಥಿಗಳು ಕಾಯಿಲೆಯನ್ನು ಮುಚ್ಚಿಡುವ ಪ್ರವೃತ್ತಿ ಆಗ ಚರ್ಚೆಗೆ ಬಂದಿತು. ನರಕದ ವಾರದ ಬಳಿಕ ವೈದ್ಯಕೀಯ ನಿಗಾವನ್ನು ಬಿಗಿಗೊಳಿಸಲಾಯಿತು. ಹೃದಯದ ತಪಾಸಣೆಗೆ ಹೆಚ್ಚಿನ ಒತ್ತು ದೊರೆಯಿತು. ಸಾಮರ್ಥ್ಯ ಹೆಚ್ಚಿಸುವ ನಿಷೇಧಿತ ಔಷಧಗಳ ಬಳಕೆಯೂ ಬೆಳಕಿಗೆ ಬಂದುದರಿಂದ 2023ರ ನವೆಂಬರ್‌ನಿಂದ ವಿಶೇಷ ಯುದ್ಧ ವಿಭಾಗದಲ್ಲಿ ಅವುಗಳ ಪರೀಕ್ಷೆ ಆರಂಭವಾಯಿತು.

ಗಾಯ ಅಥವಾ ಕಾಯಿಲೆಯನ್ನು ತಿಳಿಸುವುದೂ ಗಂಟೆ ಬಾರಿಸುವುದೂ ಒಂದೇ ಅಲ್ಲ. ಗಾಯಗೊಂಡ ಅಭ್ಯರ್ಥಿಯು ಅರ್ಹನೆನಿಸಿದರೆ ಗುಣಮುಖನಾದ ನಂತರ ಮುಂದಿನ ತಂಡದೊಡನೆ ತರಬೇತಿಯನ್ನು ಮುಂದುವರಿಸುವ ಅವಕಾಶವಿದೆ. ಹೀಗೆ ಹಿಂದೆ ಉಳಿದು, ನಂತರ ಉತ್ತೀರ್ಣರಾದವರು ಅನೇಕರಿದ್ದಾರೆ.

ಭಾರತದಲ್ಲಿನ ಸಮಾನ ಪಡೆಗಳು

ಭಾರತೀಯ ನೌಕಾಪಡೆಯಲ್ಲಿ ಸೀಲ್ ತಂಡಗಳನ್ನು ಹೋಲುವ ಪಡೆ ಮಾರ್ಕೋಸ್. ಇದು 1987ರಲ್ಲಿ ಸ್ಥಾಪನೆಯಾಯಿತು. ಭೂಸೇನೆಯಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಗಳಿವೆ. ಈ ರೆಜಿಮೆಂಟಿನ ತರಬೇತಿ ಕೇಂದ್ರವು ಬೆಂಗಳೂರಿನಲ್ಲಿದೆ. ಎರಡೂ ಪಡೆಗಳು ಸ್ವಯಂಪ್ರೇರಿತರಾಗಿ ಮುಂದೆ ಬರುವವರನ್ನು ಕಠಿಣ ಪರೀಕ್ಷಾವಧಿಯ ಮೂಲಕ ಆರಿಸಿಕೊಳ್ಳುತ್ತವೆ. ಅವುಗಳ ಮಾನದಂಡಗಳು ಬಡ್ಸ್ ತರಬೇತಿಗಿಂತ ಬೇರೆಯಾದವು. ಆದರೂ ಹಂತಹಂತವಾಗಿ ಶ್ರಮವನ್ನು ಏರಿಸುವುದು, ಗುರಿಯನ್ನು ಕಿರಿದಾಗಿಸಿಕೊಳ್ಳುವುದು, ಅಪಾಯದ ಲಕ್ಷಣಗಳನ್ನು ಮುಚ್ಚಿಡದಿರುವುದು ಎಂಬ ತತ್ತ್ವಗಳು ಅಲ್ಲಿಯೂ ಅನ್ವಯಿಸುತ್ತವೆ.