ಅರ್ಜಿ ಈಗ ಯಾರ ಮೇಜಿನ ಮೇಲಿದೆ?

ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತಾರು ತಿಂಗಳು ಬೇಕು. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟಿತೇ ಎಂಬುದನ್ನು ತಿಪಟೂರು ಸೀಮೆಯ ಬೆಳೆಗಾರರು ಕಾಯಿ ಅಲುಗಾಡಿಸಿ ಸದ್ದಿನಿಂದಲೇ ಹೇಳಬಲ್ಲರು. ಆದರೆ ಕಚೇರಿಗೆ ಕೊಟ್ಟ ಅರ್ಜಿಯ ಹದ ತಿಳಿಯಲು ಅವರಿಗೆ ಬಹುಕಾಲ ಯಾವ ಉಪಾಯವೂ ಇರಲಿಲ್ಲ. ಹುಳಿಯಾರಿನವರು ಚಿಕ್ಕನಾಯಕನಹಳ್ಳಿಗೆ, ದಂಡಿನಶಿವರದವರು ತುರುವೇಕೆರೆಗೆ ಬಸ್ಸು ಹತ್ತಿ ಹೋಗಿ ಗುಮಾಸ್ತರನ್ನೇ ಕೇಳಬೇಕಿತ್ತು. 'ನಾಳೆ ಬನ್ನಿ' ಎಂಬ ಉತ್ತರಕ್ಕೆ ಒಂದು ದಿನದ ಕೂಲಿ ಹೋಗುತ್ತಿತ್ತು.

ಈ ಅಲೆದಾಟ ತಪ್ಪಿಸಲೆಂದೇ ಬಂದದ್ದು 'ಸಕಾಲ'. 2011ರ ಈ ಕಾಯ್ದೆ 2012ರ ಏಪ್ರಿಲ್ 2ರಿಂದ, 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂತು. ಕಾಯ್ದೆಯ ವ್ಯಾಪ್ತಿಗೆ ಬರುವ ಅರ್ಜಿ ಸಲ್ಲಿಸಿದೊಡನೆ ಸ್ವೀಕೃತಿ ಚೀಟಿ ಸಿಗುತ್ತದೆ. ಅದರಲ್ಲಿ 15 ಅಂಕಿಗಳ ಒಂದು ಸಂಖ್ಯೆ, ಕೆಲಸ ಮುಗಿಯಬೇಕಾದ ದಿನಾಂಕ ಇರುತ್ತವೆ. ಸಂಖ್ಯೆಯನ್ನು ಸಕಾಲದ ಜಾಲತಾಣದಲ್ಲಿ ನಮೂದಿಸಿದರೆ ಅರ್ಜಿಯ ಸ್ಥಿತಿ ತೆರೆಯ ಮೇಲೆ ಮೂಡುತ್ತದೆ. ನಾಡಕಚೇರಿ, ಸೇವಾ ಸಿಂಧು ಜಾಲತಾಣಗಳಲ್ಲೂ ಈ ಸೌಲಭ್ಯವಿದೆ. ಮೊಬೈಲು ಬಾರದವರಿಗೆ ಗ್ರಾಮ ಒನ್ ಕೇಂದ್ರಗಳಿವೆ.

ಜಾತಿ, ಆದಾಯ ಪ್ರಮಾಣಪತ್ರವನ್ನೇ ನೋಡೋಣ. ನಾಡಕಚೇರಿಗೆ ಬಂದ ಅರ್ಜಿ ಗ್ರಾಮ ಆಡಳಿತಾಧಿಕಾರಿಯ ವರದಿಗೆ ಹೋಗುತ್ತದೆ. ಬಳಿಕ ರಾಜಸ್ವ ನಿರೀಕ್ಷಕರು, ಕೊನೆಗೆ ತಹಶೀಲ್ದಾರರ ಅನುಮೋದನೆ. ಅರ್ಜಿ ನಿಂತದ್ದು ಯಾವ ಹಂತದಲ್ಲಿ ಎಂದು ತಿಳಿದರೆ ಯಾರನ್ನು ಕೇಳಬೇಕೆಂಬುದೂ ತಿಳಿಯುತ್ತದೆ. ಇದು ಸಣ್ಣ ಮಾತಲ್ಲ. ವೃತ್ತಿ ಶಿಕ್ಷಣದ ಸಿಇಟಿ ಅರ್ಜಿಯಲ್ಲಿ ಮೀಸಲಾತಿ ಕೋರುವ ವಿದ್ಯಾರ್ಥಿ ಆ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೊಡಬೇಕು. ಪತ್ರ ತಡವಾದರೆ ಸೀಟೇ ಕೈತಪ್ಪಬಹುದು.

ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಲೆಕ್ಕ ಹಾಕಿದರೆ 25 ದಿನಕ್ಕೇ ಮಿತಿ ಮುಟ್ಟುತ್ತದೆ. ಆಮೇಲಿನ ವಿಳಂಬಕ್ಕೆ ಬೆಲೆಯಿಲ್ಲ. ಆದ್ದರಿಂದ ಹಣಕ್ಕಿಂತ ಮುಖ್ಯವಾದದ್ದು ಮೇಲ್ಮನವಿಯ ಹಕ್ಕು. ಇದನ್ನು 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಸಲ್ಲಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಅವಧಿಯೊಳಗೆ ಅರ್ಜಿ ತಿರಸ್ಕರಿಸಿದರೂ ಕಚೇರಿಯ ಲೆಕ್ಕದಲ್ಲಿ ಅದು 'ವಿಲೇವಾರಿ'. ಹೀಗಾಗಿ ತೆರೆಯ ಮೇಲೆ ಆ ಪದ ಕಂಡೊಡನೆ ಕೆಲಸವಾಯಿತೆಂದು ಸಮಾಧಾನಪಡುವಂತಿಲ್ಲ. ತಿರಸ್ಕಾರಕ್ಕೆ ಕಾರಣವನ್ನು ಅಧಿಕಾರಿ ಬರವಣಿಗೆಯಲ್ಲೇ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಹಿಂಬರಹವನ್ನು ಕೇಳಿ ಪಡೆಯಬೇಕು. ಪಹಣಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ತಾಳೆಯಾಗದಂಥ ಕಾರಣವಿದ್ದರೆ ತಿದ್ದಿಸಿ ಮತ್ತೆ ಅರ್ಜಿ ಹಾಕಬಹುದು. ಕಾರಣ ಸರಿಯಲ್ಲವೆನಿಸಿದರೆ ತಿರಸ್ಕಾರದ ವಿರುದ್ಧವೂ ಮೇಲ್ಮನವಿ ಸಲ್ಲಿಸಬಹುದು.

ಗಣಕಯಂತ್ರ ಅರ್ಜಿಯ ಜಾಡು ತೋರಿಸುತ್ತದೆ, ಅಷ್ಟೇ. ಅದನ್ನು ಮುಂದಕ್ಕೆ ತಳ್ಳಬೇಕಾದವರು ಮನುಷ್ಯರೇ. ಸ್ವೀಕೃತಿ ಚೀಟಿ ಪಡೆಯದೆ ಅರ್ಜಿ ಕೊಟ್ಟವರಿಗೆ ಅವರನ್ನು ಪ್ರಶ್ನಿಸಲು ಆಧಾರವಿರುವುದಿಲ್ಲ. ಆ ಪುಟ್ಟ ಚೀಟಿಯನ್ನು ಪಹಣಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು.