ಮೀಟರಿನ ಮಿಣುಕು ಎಣಿಸುವ ಉದ್ಯೋಗ

ಆಡಿಟ್ ಎಂದೊಡನೆ ದಾವಣಗೆರೆಯವರಿಗೆ ನೆನಪಾಗುವುದು ದಲಾಲಿ ಅಂಗಡಿಯ ಕಿರ್ದಿ ಖಾತೆ, ಮಾರ್ಚ್ ತಿಂಗಳ ಕೊನೆಯ ಗಡಿಬಿಡಿ. ಬಂದದ್ದೆಷ್ಟು, ಹೋದದ್ದೆಷ್ಟು, ನಡುವೆ ಸೋರಿದ್ದೆಷ್ಟು ಎಂದು ತಾಳೆ ನೋಡುವ ಕೆಲಸ ಅದು. ಇದೇ ತಾಳೆಯನ್ನು ಹಣದ ಬದಲು ವಿದ್ಯುತ್ತಿಗೆ, ಶಾಖಕ್ಕೆ, ಉರುವಲಿಗೆ ಹಾಕಿದರೆ ಅದು ಶಕ್ತಿ ಪರಿಶೋಧನೆ, ಅಂದರೆ ಎನರ್ಜಿ ಆಡಿಟ್. ಅದನ್ನು ಮಾಡುವವರು ಎನರ್ಜಿ ಆಡಿಟರ್. ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್ಕೋ ಪಿಯುಸಿಯೋ ಎಂದು ಲೆಕ್ಕ ಹಾಕುತ್ತಿರುವ ಮಕ್ಕಳೂ ಅವರಿಗಿಂತ ಹೆಚ್ಚು ಲೆಕ್ಕ ಹಾಕುತ್ತಿರುವ ತಂದೆತಾಯಿಗಳೂ ಈ ಉದ್ಯೋಗದ ಹೆಸರನ್ನು ಅಷ್ಟಾಗಿ ಕೇಳಿರಲಾರರು.

ಅಮೆರಿಕದಲ್ಲಿ ಇದು ಹಳೆಯ ವೃತ್ತಿ. 1973ರ ತೈಲ ಬಿಕ್ಕಟ್ಟಿನ ನಂತರ, 1976ರಲ್ಲಿ, ಬಡವರ ಮನೆಗಳನ್ನು ಚಳಿಗೆ ಸಜ್ಜುಗೊಳಿಸುವ ಕಾರ್ಯಕ್ರಮವೊಂದನ್ನು ಅಲ್ಲಿನ ಸರ್ಕಾರ ಆರಂಭಿಸಿತು. ಪರಿಶೋಧಕ ಬಂದು ಮುಂಬಾಗಿಲ ಚೌಕಟ್ಟಿಗೆ ದೊಡ್ಡ ಫ್ಯಾನೊಂದನ್ನು ಬಿಗಿದು ಮನೆಯ ಗಾಳಿಯನ್ನು ಹೊರಗೆಳೆಯುತ್ತಾನೆ. ಆಗ ಕಿಟಕಿಯ ಸಂದು, ಗೋಡೆಯ ಬಿರುಕುಗಳಿಂದ ತಣ್ಣನೆಯ ಗಾಳಿ ಸುಯ್ಯೆಂದು ಒಳನುಗ್ಗುತ್ತದೆ. ಎಲ್ಲಿ ಸುಯ್ಯೆಂದಿತೋ ಅಲ್ಲಿ ಮೆತ್ತಬೇಕು. ಕಾಸು ಕೊಟ್ಟು ಕೂಡಿಸಿದ ಬಿಸಿ ಹೊರಗೆ ಹೋಗಬಾರದು ಎಂಬುದು ಅವರ ಚಿಂತೆ.

ನಮ್ಮದು ತದ್ವಿರುದ್ಧ. ಪುಕ್ಕಟೆ ಬರುವ ಬಿಸಿ ಒಳಗೆ ಇಳಿಯಬಾರದು. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಸಂದು ಮುಚ್ಚಲು ಹೊರಟರೆ ಮನೆಯವರೇ ಪರಿಶೋಧಕನನ್ನು ಹೊರಗೆ ಹಾಕಿಯಾರು! ಇಲ್ಲಿ ನೋಡಬೇಕಾದದ್ದು ತಲೆಯ ಮೇಲಿನ ಸೂರನ್ನು.

ಒಂದು ಲೆಕ್ಕ ನೋಡಿ. ಬೇಸಿಗೆಯ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವಾಟ್. ಇಪ್ಪತ್ತು ಅಡಿಗೆ ಮೂವತ್ತು ಅಡಿಯ ತಾರಸಿ ಎಂದರೆ ಹತ್ತಿರ ಹತ್ತಿರ 56 ಚದರ ಮೀಟರ್. ಅಂದರೆ 3 ಕಿಲೋವಾಟ್‌ನ ಹದಿನೆಂಟು ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿ ತಾರಸಿಯ ಮೇಲೆ ಸಾಲಾಗಿ ಇಟ್ಟಂತೆ. ಅದೆಲ್ಲವೂ ಒಳಗೆ ಬರುವುದಿಲ್ಲ, ನಿಜ. ಆದರೆ ಕಾಂಕ್ರೀಟ್ ಶಾಖವನ್ನು ನಿಧಾನವಾಗಿ ನುಂಗಿ ನಿಧಾನವಾಗಿ ಉಗುಳುವ ವಸ್ತು. ಮಧ್ಯಾಹ್ನ ನುಂಗಿದ್ದನ್ನು ರಾತ್ರಿ ಊಟದ ಹೊತ್ತಿಗೆ ಹಾಸಿಗೆಯ ಮೇಲೆ ಸುರಿಯುತ್ತದೆ. ಸೂರ್ಯ ಮುಳುಗಿದ ಮೇಲೂ ಮಹಡಿಯ ಕೋಣೆ ಏಕೆ ಕುದಿಯುತ್ತದೆ ಎಂಬುದಕ್ಕೆ ಇದೇ ಉತ್ತರ. ಫ್ಯಾನು ಆ ಬಿಸಿಗಾಳಿಯನ್ನೇ ತಿರುವಿ ಹಾಕುತ್ತದೆ, ಅಷ್ಟೆ. ಶೀಟಿನ ಮನೆಯ ಕಷ್ಟ ಬೇರೆ ಬಗೆಯದು. ತೆಳ್ಳನೆಯ ಶೀಟು ತಡ ಮಾಡುವುದಿಲ್ಲ, ಬಿಸಿಲು ಬಿದ್ದ ಗಳಿಗೆಯಲ್ಲೇ ಕಾದು ಕೆಳಗೆ ಕೂತವರ ನೆತ್ತಿಗೆ ಶಾಖ ಸೂಸುತ್ತದೆ. ಓದುವ ಮಕ್ಕಳಿರುವ ಎಷ್ಟೋ ಮನೆಗಳು ಇಂಥವೇ.

ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ದಪ್ಪ ಮಣ್ಣು ಹಾಸಿರುತ್ತಿತ್ತು. ಹೊಗೆ, ಬಿಸಿಗಾಳಿ ಹೊರಹೋಗಲು ಗವಾಕ್ಷಿ ಇತ್ತು. ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯದೊಳಗೆ ಮೇ ತಿಂಗಳಲ್ಲಿ ಹೋಗಿ ನಿಂತವರಿಗೆ ದಪ್ಪ ಕಲ್ಲಿನ ಗುಣವನ್ನು ವಿವರಿಸಬೇಕಾಗಿಲ್ಲ. ಹಾಗೆಂದು ಎಲ್ಲರೂ ಮಣ್ಣಿನ ಮಾಳಿಗೆಗೆ ಮರಳಲಾಗದು. ಮಳೆಗಾಲದ ಸೋರಿಕೆ, ವರ್ಷವರ್ಷವೂ ಮಣ್ಣು ಹಾಕುವ ಪಾಡು ಪಟ್ಟವರಿಗೇ ಗೊತ್ತು. ತಾರಸಿಗೆ ಬಿಳಿ ಸುಣ್ಣವನ್ನು ಅಂಟು ಬೆರೆಸಿ ಬಳಿದರೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲು ಆಕಾಶಕ್ಕೇ ಮರಳುತ್ತದೆ. ಇದು ಅತ್ಯಂತ ಅಗ್ಗದ ಉಪಾಯ. ಧೂಳು ಕೂತು ಬಿಳುಪು ಮಾಸುವುದರಿಂದ ಮತ್ತೆ ಮತ್ತೆ ಬಳಿಯಬೇಕು ಎಂಬುದಷ್ಟೇ ತೊಡಕು. ಕೇಂದ್ರ ಸರ್ಕಾರ 2018ರಲ್ಲಿ ವಾಸದ ಮನೆಗಳಿಗಾಗಿ ಹೊರಡಿಸಿದ ‘ಇಕೋ ನಿವಾಸ್ ಸಂಹಿತಾ’ ಎಂಬ ನಿಯಮಾವಳಿ, ಒಳಗೆ ಹೊರಗೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಸೂರಿನ ಒಂದು ಚದರ ಮೀಟರ್ 1.2 ವಾಟ್‌ಗಿಂತ ಹೆಚ್ಚು ಶಾಖವನ್ನು ಒಳಬಿಡಬಾರದು ಎನ್ನುತ್ತದೆ. ನಾವು ಹಾಕಿಸುವ ಬರೀ ಕಾಂಕ್ರೀಟ್ ತಾರಸಿ ಅದರ ಎರಡೂವರೆ ಪಟ್ಟಿಗೂ ಮಿಕ್ಕಿ ಬಿಡುತ್ತದೆ.

ಸಂಚಿಯಲ್ಲಿ ಏನೇನು?

ಪರಿಶೋಧಕರ ಸಂಚಿಯಲ್ಲಿ ದೊಡ್ಡ ಯಂತ್ರಗಳೇನಿಲ್ಲ. ತಂತಿಯನ್ನು ಕತ್ತರಿಸದೆ ಅದರಲ್ಲಿ ಹರಿಯುವ ಕರೆಂಟನ್ನು ಅಳೆಯುವ ಕ್ಲ್ಯಾಂಪ್ ಮೀಟರ್, ದೂರದಿಂದಲೇ ಗೋಡೆಯ ಉಷ್ಣತೆ ತಿಳಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್, ಬೆಳಕನ್ನು ಅಳೆಯುವ ಲಕ್ಸ್ ಮೀಟರ್, ಒಂದು ನೋಟ್ ಪುಸ್ತಕ. ಉಳಿದದ್ದೆಲ್ಲ ತಲೆಯಲ್ಲಿರಬೇಕು.

ಮೊದಲ ಪರೀಕ್ಷೆಗೆ ಇವೂ ಬೇಡ, ಗಡಿಯಾರ ಸಾಕು. ನಿಮ್ಮ ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಕೆಂಪು ದೀಪವೊಂದಿದೆ. ಅದರ ಪಕ್ಕದಲ್ಲಿ ಒಂದು ಯುನಿಟ್‌ಗೆ ಎಷ್ಟು ಮಿಣುಕು ಎಂದು ಮುದ್ರಿಸಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳಿ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ ಕೂಡ ತೆಗೆದು ಮೀಟರಿನ ಮುಂದೆ ನಿಲ್ಲಿ. “ಎಲ್ಲಾ ಆಫ್ ಮಾಡೀನ್ರೀ ಸಾರ್” ಎಂದು ಮನೆಯಾಕೆ ಹೇಳಿದ ಮೇಲೂ ದೀಪ ಹದಿನೈದು ಸೆಕೆಂಡಿಗೊಮ್ಮೆ ಮಿಣುಕುತ್ತಿದ್ದರೆ? 1125ನ್ನು ಸೆಕೆಂಡುಗಳಿಂದ ಭಾಗಿಸಿ, 75 ವಾಟ್ ಸಿಗುತ್ತದೆ. ಯಾರೂ ಬಳಸದ ಈ 75 ವಾಟ್ ಹಗಲೂ ರಾತ್ರಿ ಹರಿದರೆ ತಿಂಗಳಿಗೆ 54 ಯುನಿಟ್! ಹುಡುಕುತ್ತಾ ಹೋದರೆ ಬ್ಯಾಟರಿ ಹಳತಾದ ಯುಪಿಎಸ್ಸೋ, ರಿಮೋಟಿನಿಂದ ಮಾತ್ರ ಆರಿಸಿದ ಟಿವಿ ಮತ್ತು ಅದರ ಪೆಟ್ಟಿಗೆಯೋ, ತೇವದ ಗೋಡೆಯಲ್ಲಿ ನೆಲಕ್ಕೆ ಸೋರುತ್ತಿರುವ ವಯರೋ ಸಿಕ್ಕಿಬೀಳುತ್ತದೆ. ಕೊನೆಯದು ಬಿಲ್ಲಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ.

1125 ಎಲ್ಲಿಂದ ಬಂತು ಎಂದು ಕೇಳುವ ವಿದ್ಯಾರ್ಥಿಯೇ ಈ ವೃತ್ತಿಗೆ ತಕ್ಕವನು. ಒಂದು ಯುನಿಟ್ ಎಂದರೆ 1000 ವಾಟ್ ಒಂದು ಗಂಟೆ, ಅಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿ ನೋಡಿ.

ಫ್ಯಾನಿನ ಲೆಕ್ಕವೂ ಇಷ್ಟೇ ಸರಳ. ಹಳೆಯ ಸೀಲಿಂಗ್ ಫ್ಯಾನು 75 ವಾಟ್ ಎಳೆಯುತ್ತದೆ. ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಸಾಕು. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಒಂದು ಫ್ಯಾನಿನಲ್ಲಿ 20 ಯುನಿಟ್ ಉಳಿತಾಯ. ಸ್ನಾನದ ನೀರಿಗೆ ಬನ್ನಿ. 20 ಲೀಟರಿನ ಬಕೆಟ್ಟನ್ನು 25ರಿಂದ 42 ಡಿಗ್ರಿಗೆ ಏರಿಸಲು ಬೇಕಾದ್ದು ಸುಮಾರು 0.4 ಯುನಿಟ್. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 48. ಇದನ್ನು ಯಾವ ಸ್ಟಾರ್ ಗುರುತಿನ ಗೀಸರೂ ಕಡಿಮೆ ಮಾಡಲಾರದು, ನೀರಿನ ವಿಶಿಷ್ಟೋಷ್ಣ ಯಾರ ಮಾತನ್ನೂ ಕೇಳುವುದಿಲ್ಲ. ಬಿಸಿಲಿಗೆ ಕೊರತೆಯಿಲ್ಲದ ನಮ್ಮೂರಲ್ಲಿ ತಾರಸಿಯ ಸೋಲಾರ್ ಹೀಟರ್ ಒಂದೇ ದಾರಿ.

ಬಿಲ್ಲೇ ಇಲ್ಲದಾಗ

“ಮೇಷ್ಟ್ರೇ, ಬಿಲ್ಲು ಸೊನ್ನೆ ಬರ್ತದ, ಉಳಿಸಿ ಏನು ಮಾಡೋದೈತಿ?” ಎಂದು ಪೋಷಕರು ಕೇಳುವುದುಂಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮಾತು ಅದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಯೋಜನೆಯ ಒಳಲೆಕ್ಕ ಬಹಳ ಮಂದಿಗೆ ಗೊತ್ತಿಲ್ಲ. ಮನೆಯ 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ಉಚಿತ ಪಾಲನ್ನು ನಿಗದಿ ಮಾಡಿದ್ದಾರೆ. ಸರಾಸರಿ 150 ಇದ್ದ ಮನೆಗೆ 165 ಉಚಿತ. 195 ಬಳಸಿದರೆ 30 ಯುನಿಟ್‌ಗೆ ಹಣ ಕಟ್ಟಬೇಕು. 201 ಆಯಿತೋ, ಇಡೀ 201ಕ್ಕೂ ಕಟ್ಟಬೇಕು. ಬೇಸಿಗೆಯಲ್ಲಿ ಎಷ್ಟೋ ಮನೆಗಳು ಈ ಗೆರೆಯ ಅಂಚಿನಲ್ಲೇ ತೂಗಾಡುತ್ತವೆ. ಅಂಥ ಮನೆಗೆ ಆ 54 ಯುನಿಟ್, ಈ 20 ಯುನಿಟ್ ದೊಡ್ಡ ಮಾತು. ತೀರ ಕಡಿಮೆ ಬಳಸುವ ಮನೆಗೆ ಉಳಿತಾಯದಿಂದ ಕಾಸಿನ ಲಾಭವಿಲ್ಲ ಎಂಬುದನ್ನೂ ಒಪ್ಪಬೇಕು. ಅಲ್ಲಿ ಪರಿಶೋಧಕ ನೋಡಬೇಕಾದದ್ದು ಸೂರಿನ ಬಿಸಿಯನ್ನು ಮತ್ತು ವಯರಿಂಗಿನ ಸುರಕ್ಷತೆಯನ್ನು.

ಓದುವುದು ಏನು?

2001ರ ಇಂಧನ ಸಂರಕ್ಷಣಾ ಕಾಯ್ದೆಯ ಮೇರೆಗೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿ.ಇ.ಇ. ಸ್ಥಾಪನೆಯಾಯಿತು. ಫ್ರಿಜ್ಜಿನ ಮೇಲಿನ ನಕ್ಷತ್ರಗಳ ಚೀಟಿ ಇದರದ್ದೇ. ಎನರ್ಜಿ ಮ್ಯಾನೇಜರ್ ಮತ್ತು ಎನರ್ಜಿ ಆಡಿಟರ್ ಆಗಲು ರಾಷ್ಟ್ರಮಟ್ಟದ ಪರೀಕ್ಷೆ 2004ರಿಂದ ನಡೆದು ಬಂದಿದೆ. ಮ್ಯಾನೇಜರಿಗೆ ಮೂರು ಪತ್ರಿಕೆ, ಆಡಿಟರಿಗೆ ನಾಲ್ಕು. ನಾಲ್ಕನೆಯದನ್ನು ಪುಸ್ತಕ ನೋಡಿ ಬರೆಯಬಹುದು. ನೋಡಿ ಬರೆಯುವುದು ಸುಲಭವೆಂದು ತಿಳಿದವರು ಒಮ್ಮೆ ಬರೆದು ನೋಡಲಿ! ಕೂರಲು ಎಂಜಿನಿಯರಿಂಗ್ ಪದವಿ ಮತ್ತು ಮೂರು ವರ್ಷದ ಅನುಭವ, ಅಥವಾ ಡಿಪ್ಲೊಮಾ ಮತ್ತು ಆರು ವರ್ಷದ ಅನುಭವ ಬೇಕು. ಭೌತವಿಜ್ಞಾನದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೂ ಅನುಭವದೊಂದಿಗೆ ಅವಕಾಶವಿದೆ. ನನ್ನಂಥ ಬರೀ ಬಿ.ಎಸ್ಸಿ.ಯವರಿಗೆ ಇಲ್ಲ.

ಒಂದು ವಿಷಯ ಪೋಷಕರಿಗೆ ಸ್ಪಷ್ಟವಾಗಿರಲಿ. ಮನೆಗಳನ್ನಷ್ಟೇ ಪರೀಕ್ಷಿಸಿ ದಾವಣಗೆರೆಯಲ್ಲಿ ಸಂಸಾರ ಸಾಗಿಸುವುದು ಇಂದು ಕಷ್ಟ. ಸಂಬಳದ ಕೆಲಸವಿರುವುದು ದೊಡ್ಡ ಕಾರ್ಖಾನೆ, ಆಸ್ಪತ್ರೆ, ಕಾಲೇಜು ಕಟ್ಟಡಗಳಲ್ಲಿ. ಹೆಚ್ಚು ಶಕ್ತಿ ಬಳಸುವ ಕಾರ್ಖಾನೆಗಳಿಗೆ ಆಡಿಟ್ಟನ್ನು ಕಾಯ್ದೆಯೇ ಕಡ್ಡಾಯ ಮಾಡಿದೆ. ಹರಿಹರದ ಆಚೆ ದಂಡೆಯ ಕುಮಾರಪಟ್ಟಣದ ಕಾರ್ಖಾನೆ, ನಮ್ಮ ಅಕ್ಕಿ ಗಿರಣಿಗಳು, ಮಂಡಕ್ಕಿ ಭಟ್ಟಿಗಳು ಇವೆಲ್ಲ ಶಾಖದ ಪಾಠಶಾಲೆಗಳೇ. ಭಟ್ಟಿಯ ಬಾಯಿಂದ ವ್ಯರ್ಥವಾಗಿ ಹೋಗುವ ಬಿಸಿಯನ್ನು ಅಳೆಯಬಲ್ಲವನಿಗೆ ಮನೆಯ ಗೀಸರು ಮಕ್ಕಳಾಟ. ಐಟಿಐನಲ್ಲಿ ಎಲೆಕ್ಟ್ರೀಷಿಯನ್ ಕಲಿತವರು ಸರ್ಟಿಫಿಕೇಟಿಗೆ ಕಾಯಬೇಕಾಗಿಲ್ಲ. ವಯರಿಂಗಿಗೆ ಹೋದ ಮನೆಯಲ್ಲೇ ಈ ಅಳತೆಗಳನ್ನೂ ಮಾಡಿ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅವರಿಗೆ ಮತ್ತೊಂದು ಮನೆಯ ಕರೆ ಬರುತ್ತದೆ.

ಈ ಭಾನುವಾರ ಮಿಣುಕು ಎಣಿಸಲು ಹೊರಡುವ ಮಕ್ಕಳು ಮೀಟರಿನ ಸೀಲನ್ನಾಗಲಿ ಫ್ಯೂಸನ್ನಾಗಲಿ ಮುಟ್ಟಬಾರದು. ಪೆಟ್ಟಿಗೆಯ ಗಾಜಿನ ಹೊರಗೆ ನಿಂತು, ಹತ್ತು ಮಿಣುಕಿಗೆ ಹಿಡಿದ ಸಮಯವನ್ನು ಬರೆದುಕೊಂಡು ಹತ್ತರಿಂದ ಭಾಗಿಸಿದರೆ ಉತ್ತರ ಇನ್ನಷ್ಟು ನಿಖರವಾಗಿ ಬರುತ್ತದೆ.